ಪಾತಾಳದ ಬೆಳ್ಳಿ, ಹತ್ತು ಮಹಡಿಯ ಬಾಡಿಗೆ: ಸ್ಯಾನ್ ಫ್ರಾನ್ಸಿಸ್ಕೊದ ಮಿಲ್ಸ್ ಬಿಲ್ಡಿಂಗ್ ಕಥೆ

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಪಕ್ಕದ ಊರು ಮಿಲ್‌ಬ್ರೇ. ಬೇ ಏರಿಯಾದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ, ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳು ಇದ್ದು ಬಂದ ಅಪ್ಪ-ಅಮ್ಮಂದಿರಿಗೆ ಈ ಹೆಸರು ಗೊತ್ತು. ಬಾರ್ಟ್ ರೈಲಿನಿಂದ ಇಳಿದು ಕ್ಯಾಲ್‌ಟ್ರೇನ್ ಹತ್ತುವುದು ಇಲ್ಲೇ. 'ಬ್ರೇ' ಎಂದರೆ ಸ್ಕಾಟ್ಲೆಂಡಿನ ಮಾತಿನಲ್ಲಿ ಗುಡ್ಡದ ಇಳಿಜಾರು. ಮೊದಲ ಅರ್ಧ ಒಬ್ಬ ಮನುಷ್ಯನ ಹೆಸರು: ಡೇರಿಯಸ್ ಆಗ್ಡನ್ ಮಿಲ್ಸ್. ಈ ಜಾಗ ಒಂದು ಕಾಲದಲ್ಲಿ ಆತನ ಎಸ್ಟೇಟ್ ಆಗಿತ್ತು.

ಅದೇ ಮಿಲ್ಸ್ ಕಟ್ಟಿಸಿದ ಆಫೀಸು ಕಟ್ಟಡ ನಗರದ ನಡುವೆ, ಮಾಂಟ್‌ಗೊಮರಿ ಬೀದಿಯ 220ನೇ ನಂಬರಿನಲ್ಲಿ ಇವತ್ತಿಗೂ ನಿಂತಿದೆ. ಕಟ್ಟಿ ಮುಗಿದದ್ದು 1892ರಲ್ಲಿ. ಕೋವಿಡ್ ಬಂದ ಮೇಲೆ ಜನ ಮನೆಯಿಂದಲೇ ಕೆಲಸ ಮಾಡತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೊದ ಡೌನ್‌ಟೌನ್‌ನಲ್ಲಿ ಆಫೀಸು ಜಾಗದ ಸುಮಾರು ಮೂರನೇ ಒಂದು ಭಾಗ ಖಾಲಿ ಬಿತ್ತು. ಅಲ್ಲಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಊರ ಮಧ್ಯದಲ್ಲಿ ಬರೀ ಆಫೀಸುಗಳ ಬೀದಿ ಎಂಬುದು ಹುಟ್ಟಿದ್ದಾದರೂ ಯಾಕೆ? ಇಷ್ಟು ದೊಡ್ಡ ಕಟ್ಟಡಗಳಿಗೆ ಮೊದಮೊದಲು ದುಡ್ಡು ಬಂದದ್ದು ಎಲ್ಲಿಂದ? ಈ ಒಂದು ಕಟ್ಟಡ ಹಿಡಿದು ಹೊರಟರೆ ಎರಡಕ್ಕೂ ಉತ್ತರ ಸಿಗುತ್ತದೆ. ದಾರಿ ಮಾತ್ರ ಮೊದಲು ನೆಲದೊಳಗೆ ಇಳಿಯುತ್ತದೆ.

ಅಗೆದವರು ಒಬ್ಬರು, ಉಳಿಸಿಕೊಂಡವರು ಇನ್ನೊಬ್ಬರು

ಮಿಲ್ಸ್ ಹುಟ್ಟಿದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದೆ ಎಂಬ ಸುದ್ದಿ ಹಬ್ಬಿದಾಗ ಸಾವಿರಾರು ಜನರಂತೆ ಆತನೂ 1849ರಲ್ಲಿ ಅಲ್ಲಿಗೆ ಬಂದ. ಬಂದವನು ಗುದ್ದಲಿ ಹಿಡಿಯಲಿಲ್ಲ. ಗಣಿಗೆ ಹೋಗುವವರಿಗೆ ಬೇಕಾದ ಸಾಮಾನು ಮಾರಿದ. ಆಮೇಲೆ ಸ್ಯಾಕ್ರಮೆಂಟೊದಲ್ಲಿ ಬ್ಯಾಂಕು ತೆರೆದ. ಚಿನ್ನ ಸಿಕ್ಕವನಿಗೂ ಅಂಗಡಿ ಬೇಕು, ಸಿಗದವನಿಗೂ ಬೇಕು. ಅವನ ಮುಂದಿನ ಬದುಕೆಲ್ಲ ಇದೇ ಲೆಕ್ಕದ ಮೇಲೆ ನಡೆಯಿತು.

1859ರಲ್ಲಿ ಪಕ್ಕದ ನೆವಾಡದ ಬೆಟ್ಟಗಳಲ್ಲಿ ದೊಡ್ಡ ಬೆಳ್ಳಿ ನಿಕ್ಷೇಪ ಸಿಕ್ಕಿತು. ಹೆಸರು ಕಾಮ್‌ಸ್ಟಾಕ್ ಲೋಡ್. 'ಲೋಡ್' ಎಂದರೆ ಬಂಡೆಯ ಬಿರುಕಿನ ಉದ್ದಕ್ಕೂ ಹರಡಿಕೊಂಡ ಅದಿರಿನ ಪಟ್ಟೆ. ಮಾಂಸದ ತುಂಡಿನ ನಡುವೆ ಕೊಬ್ಬಿನ ಗೆರೆ ಹಾದುಹೋಗಿರುತ್ತದಲ್ಲ, ಹಾಗೆ. ಅದರ ಮೇಲೆ ವರ್ಜೀನಿಯಾ ಸಿಟಿ ಎಂಬ ಊರೇ ಎದ್ದಿತು. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅಲ್ಲಿಂದ ತೆಗೆದ ಬೆಳ್ಳಿ-ಚಿನ್ನದ ಬೆಲೆ ಆಗಿನ ಲೆಕ್ಕದಲ್ಲೇ 30 ಕೋಟಿ ಡಾಲರ್ ದಾಟಿತು.

1864ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ಯಾಂಕ್ ಆಫ್ ಕ್ಯಾಲಿಫೋರ್ನಿಯಾ ಶುರುವಾಯಿತು. ಮಿಲ್ಸ್ ಅದರ ಅಧ್ಯಕ್ಷ. ದಿನನಿತ್ಯದ ಚುಕ್ಕಾಣಿ ವಿಲಿಯಂ ರಾಲ್ಸ್ಟನ್ ಎಂಬ ಜೊತೆಗಾರನ ಕೈಯಲ್ಲಿ. ವರ್ಜೀನಿಯಾ ಸಿಟಿಗೆ ಬ್ಯಾಂಕಿನ ಏಜೆಂಟಾಗಿ ಹೋದವನು ವಿಲಿಯಂ ಶರೋನ್. ಅಲ್ಲಿ ಗಣಿಗಳ ಜೊತೆಗೆ ಅದಿರು ಕುಟ್ಟುವ ಮಿಲ್ಲುಗಳಿದ್ದವು. ಕಲ್ಲನ್ನು ಪುಡಿ ಮಾಡಿ, ಪಾದರಸ ಬೆರೆಸಿ ಬೆಳ್ಳಿ ಬಿಡಿಸುವ ಕೆಲಸ ಅವುಗಳದ್ದು. (ಮಿಲ್ಸ್ ಎಂಬ ಹೆಸರಿಗೂ ಈ ಮಿಲ್ಲಿಗೂ ಸಂಬಂಧವಿಲ್ಲ, ಹೆಸರು ಒಂದೇ ಥರ ಇದೆ ಅಷ್ಟೇ.) ಶರೋನ್ ಈ ಮಿಲ್ಲುಗಳಿಗೆ ಬೇರೆಯವರಿಗಿಂತ ಕಡಿಮೆ ಬಡ್ಡಿಗೆ ಸಾಲ ಕೊಟ್ಟ. ಕೆಲವು ಗಣಿಗಳಲ್ಲಿ ಅದಿರು ಸಣ್ಣಗಾದಾಗ ಮಿಲ್ಲುಗಳಿಗೆ ಕೆಲಸ ಇಲ್ಲದಾಯಿತು. ಸಾಲ ತೀರಲಿಲ್ಲ. ಅಡವಿಟ್ಟ ಮಿಲ್ಲುಗಳು ಒಂದೊಂದಾಗಿ ಬ್ಯಾಂಕಿನ ಗುಂಪಿನ ಕೈ ಸೇರಿದವು. 1867ರಲ್ಲಿ ಅವನ್ನೆಲ್ಲ ಸೇರಿಸಿ ಒಂದೇ ಕಂಪನಿ ಮಾಡಿಕೊಂಡರು. 1869ರಲ್ಲಿ ಅದಿರನ್ನು ಕೆಳಕ್ಕೆ, ಮರವನ್ನು ಮೇಲಕ್ಕೆ ಸಾಗಿಸಲು ವರ್ಜೀನಿಯಾ ಅಂಡ್ ಟ್ರಕೀ ಎಂಬ ರೈಲನ್ನೂ ಹಾಕಿಸತೊಡಗಿದರು.

ಮಂಡ್ಯದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬು ಬೆಳೆಯುವವನು ಒಬ್ಬ. ಆಲೆಮನೆ ಇಟ್ಟವನು ಇನ್ನೊಬ್ಬ. ಕಬ್ಬು ಹೊರುವ ಗಾಡಿಯೂ ಆಲೆಮನೆಯವನದ್ದೇ, ಬೆಳೆಸಾಲ ಕೊಟ್ಟವನೂ ಅವನೇ ಅಂದುಕೊಳ್ಳಿ. ಬೆಲ್ಲದ ರೇಟು ಬಿದ್ದ ವರ್ಷ ರೈತನಿಗೆ ನಷ್ಟ. ಆಲೆಮನೆಯವನಿಗೆ ಮಾತ್ರ ಅರೆದ ಪ್ರತಿ ಗಾಡಿಗೂ ಕೂಲಿ ಬಂದೇ ಬರುತ್ತದೆ. ಮಿಲ್ಸ್ ಮತ್ತು ಜೊತೆಗಾರರು ಕಾಮ್‌ಸ್ಟಾಕ್‌ನಲ್ಲಿ ಕಟ್ಟಿಕೊಂಡದ್ದು ಇಂಥ ಏರ್ಪಾಟು. 'ಗಣಿ ಸಂಪತ್ತು' ಎಂದಾಗ ನಾವು ಗುದ್ದಲಿಯವನನ್ನು ನೆನೆಯುತ್ತೇವೆ. ದೊಡ್ಡ ಕಟ್ಟಡ ಎಬ್ಬಿಸುವಷ್ಟು ದುಡ್ಡು ಉಳಿದದ್ದು ಹೆಚ್ಚಾಗಿ ಸಾಲ, ಮಿಲ್ಲು, ರೈಲು, ಶೇರು ಹಿಡಿದವರ ಕೈಯಲ್ಲಿ.

ಒಳಗೆ ಇಳಿದವರಿಗೆ ದಿನಕ್ಕೆ 4 ಡಾಲರ್ ಕೂಲಿ. ಆಗಿನ ಕಾಲಕ್ಕೆ ಅದು ಒಳ್ಳೆಯ ಕೂಲಿಯೇ. ಆದರೆ ಆಳಕ್ಕೆ ಹೋದಂತೆ ಬಂಡೆಯಿಂದ ಮೈ ಸುಡುವಷ್ಟು ಬಿಸಿನೀರು ಬರುತ್ತಿತ್ತು. ಸೆಕೆ ತಡೆಯಲಾರದೆ ಕೆಲಸಗಾರರು ಮೈಮೇಲೆ ಐಸು ಇಟ್ಟುಕೊಂಡು ದುಡಿದರು. 1869ರ ಏಪ್ರಿಲ್‌ನಲ್ಲಿ ಯೆಲ್ಲೊ ಜಾಕೆಟ್ ಎಂಬ ಗಣಿಯಲ್ಲಿ ಬೆಂಕಿ ಬಿದ್ದು ಕಡಿಮೆ ಎಂದರೂ 35 ಜನ ಸತ್ತರು.

ಗಣಿ ನೆವಾಡದಲ್ಲಿ, ಆಫೀಸು ಯಾಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ?

ಗಣಿಗಾರಿಕೆಗೆ ಸಿಕ್ಕಾಪಟ್ಟೆ ಬಂಡವಾಳ ಬೇಕು. ನೀರು ಎತ್ತುವ ಪಂಪು, ಇಳಿಯಲು ಯಂತ್ರ, ಮರ, ಕೂಲಿ. ಅದಿರು ಸಿಗುವ ಮೊದಲೇ ಖರ್ಚು. ಒಬ್ಬನ ಕೈಯಲ್ಲಿ ಆಗದು. ಹಾಗಾಗಿ ಗಣಿಯನ್ನು ಕಂಪನಿ ಮಾಡಿ, ಅದರ ಪಾಲನ್ನು ಚೂರು ಚೂರಾಗಿ ಜನರಿಗೆ ಮಾರಿದರು. ಆ ಚೂರೇ ಶೇರು. ಇದನ್ನು ಕೊಳ್ಳಲು-ಮಾರಲು 1862ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇರುಪೇಟೆಯೇ ಶುರುವಾಯಿತು. ವ್ಯಾಪಾರ ನಡೆದದ್ದು ಮುಖ್ಯವಾಗಿ ಗಣಿ ಶೇರುಗಳದ್ದು.

ಈಗ ಯೋಚಿಸಿ. ಬೆಳ್ಳಿ ತೆಗೆಯಲು ಬೆಟ್ಟಕ್ಕೇ ಹೋಗಬೇಕು. ಆದರೆ ಶೇರು ಬರೆಯಲು, ಲೆಕ್ಕ ಇಡಲು, ತಗಾದೆ ಬಂದರೆ ವಕೀಲರನ್ನು ಹಿಡಿಯಲು, ಸಾಲಕ್ಕೆ ಕೈಯೊಡ್ಡಲು ಬೆಟ್ಟ ಬೇಡ. ಬೇಕಾದ್ದು ಒಬ್ಬರಿಗೊಬ್ಬರು ಹತ್ತಿರ ಇರುವುದು. ಟೆಲಿಫೋನ್ ಇನ್ನೂ ಬಂದಿರಲಿಲ್ಲ. ಬ್ರೋಕರ್, ವಕೀಲ, ಬ್ಯಾಂಕಿನವನು ಎಲ್ಲರೂ ನಾಲ್ಕು ಹೆಜ್ಜೆ ನಡೆದು ಮಾತಾಡುವಷ್ಟು ಪಕ್ಕಪಕ್ಕ ಇರಬೇಕಿತ್ತು. ಚಿಕ್ಕಪೇಟೆಯಲ್ಲಿ ಬಟ್ಟೆಯವರು, ಅವೆನ್ಯೂ ರೋಡಿನಲ್ಲಿ ಪುಸ್ತಕದವರು ಒಟ್ಟಿಗೆ ಕೂತಂತೆ ಮಾಂಟ್‌ಗೊಮರಿ ಬೀದಿಯಲ್ಲಿ ದುಡ್ಡಿನ ವ್ಯವಹಾರದವರು ಕೂತರು. ಆ ಬೀದಿ, ಅದರ ಅಕ್ಕಪಕ್ಕ ಸೇರಿ ಡೌನ್‌ಟೌನ್ ಆಯಿತು. ಎಲ್ಲರಿಗೂ ಅದೇ ನಾಲ್ಕು ಬೀದಿ ಬೇಕಾದಾಗ ಜಾಗ ಸಾಲದು. ಆಗ ಉಳಿಯುವುದು ಮೇಲಕ್ಕೆ ಹೋಗುವ ದಾರಿ.

ನಮ್ಮ ಕೋಲಾರದ ಚಿನ್ನದ ಗಣಿಯದೂ ಇದೇ ಮಾದರಿ. 1880ರಿಂದ ಅಲ್ಲಿ ಕೆಲಸ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಕಂಪನಿ. ಮೈಸೂರು ಸರ್ಕಾರಕ್ಕೆ ರಾಯಧನ ಬಂತು. ಲಾಭಾಂಶ ಹೋದದ್ದು ಲಂಡನ್ನಿನ ಶೇರುದಾರರಿಗೆ.

ಬೆಳ್ಳಿ ಮುಗಿಯುತ್ತದೆ, ಬಾಡಿಗೆ ಮುಗಿಯದು

1875ರ ಆಗಸ್ಟ್ 26ರಂದು ಬ್ಯಾಂಕ್ ಆಫ್ ಕ್ಯಾಲಿಫೋರ್ನಿಯಾ ಬಾಗಿಲು ಹಾಕಿತು. ರಾಲ್ಸ್ಟನ್ ಬ್ಯಾಂಕಿನ ದುಡ್ಡನ್ನು ಹತ್ತಾರು ಕಡೆ ಹೂಡಿ ಕೈ ಖಾಲಿ ಮಾಡಿಕೊಂಡಿದ್ದ. ಮರುದಿನ ಸಮುದ್ರಕ್ಕೆ ಈಜಲು ಹೋದವನ ಹೆಣ ಸಿಕ್ಕಿತು. ಆ ಹೊತ್ತಿಗೆ ಅಧ್ಯಕ್ಷ ಸ್ಥಾನ ಬಿಟ್ಟಿದ್ದ ಮಿಲ್ಸ್ ಮತ್ತೆ ಬಂದು ಕೂತ. ಅಕ್ಟೋಬರ್ 2ರಂದು ಬ್ಯಾಂಕು ಮತ್ತೆ ತೆರೆಯಿತು. 1870ರ ದಶಕ ಮುಗಿಯುವಷ್ಟರಲ್ಲಿ ಕಾಮ್‌ಸ್ಟಾಕ್‌ನ ಒಳ್ಳೆಯ ಅದಿರೂ ತೀರುತ್ತಾ ಬಂತು.

ಮಿಲ್ಸ್ ದುಡ್ಡು ಎತ್ತಿಕೊಂಡು ನ್ಯೂಯಾರ್ಕಿಗೆ ಹೊರಟ. ಅಲ್ಲಿ ವಾಲ್ ಸ್ಟ್ರೀಟ್ ಪಕ್ಕದ ಬ್ರಾಡ್ ಸ್ಟ್ರೀಟಿನಲ್ಲಿ 1882ರಲ್ಲಿ ಒಂದು ದೊಡ್ಡ ಆಫೀಸು ಕಟ್ಟಡ ಎಬ್ಬಿಸಿದ. ಅದರ ಹೆಸರೂ ಮಿಲ್ಸ್ ಬಿಲ್ಡಿಂಗ್. ಅದನ್ನು 1925ರಲ್ಲಿ ಕೆಡವಿದರು. ಸ್ಯಾನ್ ಫ್ರಾನ್ಸಿಸ್ಕೊದ್ದು ಅದರ ಹತ್ತು ವರ್ಷದ ನಂತರದ ತಮ್ಮ.

ಗಣಿಯವನು ಕಟ್ಟಡ ಯಾಕೆ ಕಟ್ಟಿಸಬೇಕು? ದೇವನಹಳ್ಳಿ ಕಡೆ ಜಮೀನು ಮಾರಿದವರು ಮೊದಲು ಮಾಡುವ ಕೆಲಸ ನೆನಪಿಸಿಕೊಳ್ಳಿ. ನಾಲ್ಕು ಬಾಡಿಗೆ ಮನೆ, ಕೆಳಗೆ ಎರಡು ಅಂಗಡಿ. ಒಮ್ಮೆ ಕೈಗೆ ಬಂದು ಮುಗಿದುಹೋಗುವ ದುಡ್ಡನ್ನು ತಿಂಗಳು ತಿಂಗಳು ಬರುವ ದುಡ್ಡಾಗಿ ಬದಲಾಯಿಸುವುದು. ಮಿಲ್ಸ್ ಮಾಡಿದ್ದೂ ಇದನ್ನೇ. ಈ ಕಟ್ಟಡ ಯಾವುದೋ ಒಂದು ಕಂಪನಿಯ ಸ್ವಂತ ಕಚೇರಿಯಾಗಿ ಎದ್ದದ್ದಲ್ಲ. ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡಲೆಂದೇ ಕಟ್ಟಿಸಿದ್ದು. ಇವತ್ತಿನ 'ಆಫೀಸ್ ಸ್ಪೇಸ್' ಎಂಬ ವ್ಯಾಪಾರದ ಹಳೆಯ ರೂಪ.

ಗೋಡೆ ಹೊರುವ ಕಟ್ಟಡ, ಕಂಬ ಹೊರುವ ಕಟ್ಟಡ

ಕಟ್ಟಡದ ನಕ್ಷೆ ಮಾಡಿದವರು ಶಿಕಾಗೊದ ಬರ್ನ್‌ಹಮ್ ಮತ್ತು ರೂಟ್. ಆಗ ಶಿಕಾಗೊದಲ್ಲಿ ಕಟ್ಟಡ ನಿಲ್ಲಿಸುವ ರೀತಿಯೇ ಬದಲಾಗುತ್ತಿತ್ತು.

ಹಳ್ಳಿಯ ಹಳೇ ಮಣ್ಣಿನ ಮನೆಯ ಗೋಡೆ ನೋಡಿದ್ದೀರಲ್ವಾ? ಎರಡಡಿ ದಪ್ಪ. ಮೇಲಿನ ಭಾರವನ್ನೆಲ್ಲ ಹೊರುವುದು ಆ ಗೋಡೆಯೇ. ಮೇಲೆ ಇನ್ನೊಂದು ಅಂತಸ್ತು ಬೇಕೆಂದರೆ ಕೆಳಗಿನ ಗೋಡೆ ಇನ್ನೂ ದಪ್ಪ ಆಗಬೇಕು. ಇದೇ ಬರ್ನ್‌ಹಮ್ ಮತ್ತು ರೂಟ್ 1891ರಲ್ಲಿ ಶಿಕಾಗೊದಲ್ಲಿ ಮೊನಾಡ್‌ನಾಕ್ ಎಂಬ 16 ಮಹಡಿಯ ಇಟ್ಟಿಗೆ ಕಟ್ಟಡ ಮುಗಿಸಿದರು. ಅದರ ಬುಡದಲ್ಲಿ ಗೋಡೆಯ ದಪ್ಪ 6 ಅಡಿ. ಬೀದಿ ಮಟ್ಟದ ಜಾಗಕ್ಕೆ ಬಾಡಿಗೆ ಜಾಸ್ತಿ. ಅದನ್ನೇ ಗೋಡೆ ನುಂಗಿಬಿಟ್ಟರೆ ಹೇಗೆ?

ಇನ್ನೊಂದು ದಾರಿ ಉಕ್ಕಿನ ಚೌಕಟ್ಟು. ನಮ್ಮೂರಲ್ಲಿ ಅಪಾರ್ಟ್‌ಮೆಂಟ್ ಏಳುವುದನ್ನು ನೆನೆಸಿಕೊಳ್ಳಿ. ಮೊದಲು ಪಿಲ್ಲರ್, ಬೀಮ್, ಸ್ಲ್ಯಾಬ್. ಗೋಡೆ ಆಮೇಲೆ. ಗೋಡೆ ಇಲ್ಲದೆಯೂ ಐದಾರು ಮಹಡಿ ಸುಮ್ನೆ ನಿಂತಿರುತ್ತದೆ. ಯಾಕೆಂದರೆ ಭಾರ ಹೊರುವುದು ಕಂಬ-ತೊಲೆಗಳು. ಗೋಡೆ ಬರೀ ಮಳೆ-ಗಾಳಿಗೆ ಅಡ್ಡ. ಇವತ್ತು ಅದು ಕಾಂಕ್ರೀಟು, ಆಗ ಉಕ್ಕು. ತತ್ವ ಒಂದೇ. ಹತ್ತು ಮಹಡಿಯ ಮಿಲ್ಸ್ ಬಿಲ್ಡಿಂಗ್ ಪೂರ್ತಿ ಉಕ್ಕಿನ ಚೌಕಟ್ಟಿನ ಮೇಲೆ ನಿಂತ ಸ್ಯಾನ್ ಫ್ರಾನ್ಸಿಸ್ಕೊದ ಮೊದಲ ಕಟ್ಟಡ. ರೂಟ್ ಅದನ್ನು ಕಣ್ಣಾರೆ ನೋಡಲಿಲ್ಲ. 1891ರ ಜನವರಿಯಲ್ಲೇ ತೀರಿಕೊಂಡಿದ್ದ.

ಬೆಳಕಿನ ಸಮಸ್ಯೆಯೂ ಇತ್ತು. ವಿದ್ಯುತ್ ದೀಪ ಇನ್ನೂ ಮಂಕಾಗಿದ್ದ ಕಾಲ. ಕಿಟಕಿ ಇಲ್ಲದ ಕೋಣೆಗೆ ಬಾಡಿಗೆ ಹುಟ್ಟದು. ಅದಕ್ಕೆ ಆ ಕಾಲದ ಆಫೀಸು ಕಟ್ಟಡಗಳು ನಮ್ಮ ತೊಟ್ಟಿ ಮನೆಯ ಉಪಾಯವನ್ನೇ ಹಿಡಿದವು. ನಡುವೆ ಆಕಾಶಕ್ಕೆ ತೆರೆದ ಜಾಗ, ಸುತ್ತಲೂ ಕೋಣೆ. ಮಿಲ್ಸ್ ಬಿಲ್ಡಿಂಗ್‌ ಕೂಡ ಹಾಗೆಯೇ. ತೊಟ್ಟಿಗೆ ಬಿದ್ದ ಬೆಳಕು ಒಳಸಾಲಿನ ಕೋಣೆಗಳಿಗೂ ಸಿಗುತ್ತಿತ್ತು.

ಗಣಿಯೊಳಗೆ ಮೊದಲೇ ನಿಂತಿದ್ದ 'ಕಟ್ಟಡ'

ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ ಭಾಗ ಇದು. ಕಾಮ್‌ಸ್ಟಾಕ್‌ನ ಗಣಿಗಳ ಒಳಗೆ, ಈ ಕಟ್ಟಡಕ್ಕಿಂತ 30 ವರ್ಷ ಮೊದಲೇ, ಕಂಬ-ತೊಲೆಗಳ ಚೌಕಟ್ಟು ಮಹಡಿ ಮಹಡಿಯಾಗಿ ಎದ್ದಿತ್ತು.

ಅಲ್ಲಿನ ಅದಿರಿನ ಪಟ್ಟೆ ತುಂಬ ಅಗಲ, ಬಂಡೆ ಮೆತ್ತಗೆ. ಸಾಮಾನ್ಯವಾಗಿ ಸುರಂಗದಲ್ಲಿ ಎರಡು ಕಂಬ ನಿಲ್ಲಿಸಿ ಮೇಲೊಂದು ತೊಲೆ ಇಟ್ಟರೆ ಸಾಕು. ಐವತ್ತು-ಅರವತ್ತು ಅಡಿ ಅಗಲ ಅಗೆದಾಗ ಅಷ್ಟು ಉದ್ದದ ತೊಲೆ ಎಲ್ಲಿಂದ ತರುವುದು? ತಂದರೂ ಮುರಿಯುತ್ತದೆ. 1860ರ ಕೊನೆಗೆ ಫಿಲಿಪ್ ಡೈಡ್ಸ್‌ಹೈಮರ್ ಎಂಬ ಜರ್ಮನ್ ಎಂಜಿನಿಯರ್ ಓಫಿರ್ ಗಣಿಯಲ್ಲಿ ದಾರಿ ಕಂಡುಕೊಂಡ. ಗಿಡ್ಡ ಮರದ ತುಂಡುಗಳನ್ನು ಜೋಡಿಸಿ ಪೆಟ್ಟಿಗೆಯ ಆಕಾರದ ಚೌಕಟ್ಟು ಮಾಡಿದ. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಅದಿರು ತೆಗೆದಷ್ಟೂ ಪೆಟ್ಟಿಗೆ ಸೇರಿಸುತ್ತಾ ಹೋಗಬಹುದು, ಯಾವ ದಿಕ್ಕಿಗೆ ಬೇಕಾದರೂ. ಗಟ್ಟಿ ಬೇಕಾದ ಕಡೆ ಪೆಟ್ಟಿಗೆಯೊಳಗೆ ಕಲ್ಲು ತುಂಬಬಹುದು. ಇದಕ್ಕೆ ಸ್ಕ್ವೇರ್ ಸೆಟ್ ಎಂದು ಹೆಸರಾಯಿತು. ಆತ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬೇರೆ ಗಣಿಗಳೆಲ್ಲ ಇದನ್ನೇ ಬಳಸಿದವು.

ಶಿಕಾಗೊದ ಉಕ್ಕಿನ ಚೌಕಟ್ಟು ಇದರಿಂದಲೇ ಹುಟ್ಟಿತು ಅಂತ ಇದರ ಅರ್ಥವಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದವು. ಆದರೆ ಎರಡರ ಚಿತ್ರ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಲೆಕ್ಕ ಕಾಣುತ್ತದೆ: ಭಾರವನ್ನು ಒಂದೇ ದೊಡ್ಡ ಗೋಡೆಗೆ ಬಿಡದೆ, ಚಿಕ್ಕ ಚಿಕ್ಕ ಕೋಶಗಳಿಗೆ ಹಂಚುವುದು.

ಇನ್ನೊಂದು ನಂಟು ನೇರವಾದದ್ದು. ಗಣಿಯಲ್ಲಿ ಜನ ಮತ್ತು ಅದಿರು ಏರಿಳಿಯುವುದು ತಂತಿಯ ಹಗ್ಗಕ್ಕೆ ಕಟ್ಟಿದ ಕೇಜಿನಲ್ಲಿ. ಕೆಜಿಎಫ್‌ನ ಹಿರಿಯರನ್ನು ಕೇಳಿದರೆ ಆ ಕೇಜಿನ ಅನುಭವ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ತಂತಿ ಹಗ್ಗ ಮಾಡುತ್ತಿದ್ದವನು ಆಂಡ್ರ್ಯೂ ಹ್ಯಾಲಿಡಿ. ಗಣಿಗಳೇ ಅವನ ಗಿರಾಕಿಗಳು. ಅದೇ ಹಗ್ಗವನ್ನು ಬೀದಿಯ ಕೆಳಗೆ ಹಾಯಿಸಿ 1873ರಲ್ಲಿ ಕ್ಲೇ ಸ್ಟ್ರೀಟಿನ ಕಡಿದಾದ ಏರಿನಲ್ಲಿ ಗಾಡಿ ಎಳೆಸಿದ. ಪ್ರವಾಸಿಗರು ಸಾಲಾಗಿ ನಿಂತು ಹತ್ತುವ ಸ್ಯಾನ್ ಫ್ರಾನ್ಸಿಸ್ಕೊದ ಕೇಬಲ್ ಕಾರ್ ಶುರುವಾದದ್ದು ಹೀಗೆ. ಎತ್ತರದ ಆಫೀಸಿಗೂ ತಂತಿ ಹಗ್ಗದ ಲಿಫ್ಟು ಇಲ್ಲದೆ ಗತಿಯಿಲ್ಲ. ಹತ್ತನೇ ಮಹಡಿಗೆ ದಿನಾ ಮೆಟ್ಟಿಲು ಹತ್ತಿ ಯಾರು ಬಾಡಿಗೆ ಕೊಡುತ್ತಾರೆ?

ಬಾಗಿಲಿನ ಅಮೃತಶಿಲೆ

ಮಾಂಟ್‌ಗೊಮರಿ ಬೀದಿಯ ಕಡೆಯ ಬಾಗಿಲಿಗೆ ಎರಡು ಅಂತಸ್ತಿನ ಎತ್ತರದ ಕಮಾನು ಇದೆ. ಕೆತ್ತನೆ ಮಾಡಿದ ಬಿಳಿ ಅಮೃತಶಿಲೆ. ಮೇಲಿನ ಮಹಡಿಗಳಿಗೆ ತಿಳಿ ಬಣ್ಣದ ಇಟ್ಟಿಗೆ, ಸುಟ್ಟ ಮಣ್ಣಿನ ಅಲಂಕಾರ. ಆ ಅಮೃತಶಿಲೆ ಬಂದದ್ದು ಕ್ಯಾಲಿಫೋರ್ನಿಯಾದ ಪೂರ್ವ ಅಂಚಿನ ಇನ್ಯೊ ಸೀಮೆಯಿಂದ. ಅದು ಓವೆನ್ಸ್ ಕಣಿವೆ, ಒಣ ಭೂಮಿ. 1880ರ ದಶಕದ ಶುರುವಿನಲ್ಲಿ ಆ ಕಣಿವೆಗೆ ಕಾರ್ಸನ್ ಅಂಡ್ ಕೊಲೊರಾಡೊ ಎಂಬ ಕಿರುಹಳಿ ರೈಲು ಹಾಕಿಸಿದವರು ಮಿಲ್ಸ್ ಮತ್ತು ಜೊತೆಗಾರರೇ. ಗಣಿಗಳನ್ನು ನಂಬಿ ಹಾಕಿದ ರೈಲು ಅದು. ನಿರೀಕ್ಷಿಸಿದಷ್ಟು ಅದಿರು ಸಿಗಲಿಲ್ಲ.

1906ರ ಬೆಳಗಿನ ಜಾವ

1906ರ ಏಪ್ರಿಲ್ 18. ಬೆಳಗ್ಗೆ 5 ಗಂಟೆ 12 ನಿಮಿಷ. ಸುಮಾರು 7.9 ತೀವ್ರತೆಯ ಭೂಕಂಪ. ಅದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಆಮೇಲೆ ಮೂರು ದಿನಕ್ಕೂ ಹೆಚ್ಚು ಉರಿದ ಬೆಂಕಿ. ನೀರಿನ ಕೊಳವೆಗಳು ಒಡೆದಿದ್ದವು. ಸುಮಾರು 28,000 ಕಟ್ಟಡಗಳು ಹೋದವು. ಸತ್ತವರು 3,000ಕ್ಕೂ ಹೆಚ್ಚು ಎಂದು ಈಗಿನ ಲೆಕ್ಕ.

ಮಿಲ್ಸ್ ಬಿಲ್ಡಿಂಗ್ ನಿಂತೇ ಇತ್ತು. ಒಳಗಿನ ಮರ, ಪೀಠೋಪಕರಣ, ಕಾಗದ ಎಲ್ಲ ಸುಟ್ಟುಹೋಯಿತು. ಚೌಕಟ್ಟಿಗೆ ದೊಡ್ಡ ಪೆಟ್ಟಾಗಲಿಲ್ಲ.

ಯಾಕೆ? ಇಟ್ಟಿಗೆ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಅಕ್ಕಪಕ್ಕ ತೂಗಾಡಿಸಿದರೆ ಬಿರಿಯುತ್ತದೆ. ಉಕ್ಕು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಗಾಳಿಗೆ ಬಿದಿರು ಬಾಗಿ ಏಳುವ ಹಾಗೆ. ಬೆಂಕಿಯ ವಿಷಯ ಬೇರೆ. ಉಕ್ಕು ಉರಿಯದಿದ್ದರೂ ಕಾದರೆ ಬಲ ಕಳೆದುಕೊಳ್ಳುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. 1871ರ ದೊಡ್ಡ ಬೆಂಕಿಯಿಂದ ಪಾಠ ಕಲಿತ ಶಿಕಾಗೊದವರು ಉಕ್ಕನ್ನು ಬರಿಮೈಯಲ್ಲಿ ಬಿಡುತ್ತಿರಲಿಲ್ಲ. ಸುಟ್ಟ ಮಣ್ಣಿನ ಟೊಳ್ಳು ಬಿಲ್ಲೆಗಳನ್ನು ಸುತ್ತಲೂ ಹೊದಿಸುತ್ತಿದ್ದರು. ಬಿಸಿ ಪಾತ್ರೆ ಹಿಡಿಯಲು ಮಸಿಬಟ್ಟೆ ಇದ್ದಂತೆ ಅದು. ಕಾವು ಕೈಗೆ ತಟ್ಟುವುದು ತಡವಾಗುತ್ತದೆ.

ಬೆಂಕಿಯಲ್ಲಿ ಉಳಿದ ಚೌಕಟ್ಟಿಗೆ ಒಳಗನ್ನು ಹೊಸದಾಗಿ ಕಟ್ಟಿದ್ದು ವಿಲಿಸ್ ಪೋಕ್ ಎಂಬ ವಾಸ್ತುಶಿಲ್ಪಿಯ ಉಸ್ತುವಾರಿಯಲ್ಲಿ. ಆಗ ಆತ ಬರ್ನ್‌ಹಮ್ ಸಂಸ್ಥೆಯ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿ ನೋಡಿಕೊಳ್ಳುತ್ತಿದ್ದ. ಮಿಲ್ಸ್ 1910ರಲ್ಲಿ ಮಿಲ್‌ಬ್ರೇಯ ಮನೆಯಲ್ಲಿ ತೀರಿಕೊಂಡ. ಆಮೇಲೂ ಕಟ್ಟಡ ಬೆಳೆಯುತ್ತಲೇ ಇತ್ತು. 1914 ಮತ್ತು 1918ರಲ್ಲಿ ಹಿಗ್ಗಿಸಿದರು. 1931ರಲ್ಲಿ ಬುಷ್ ಸ್ಟ್ರೀಟಿನ ಕಡೆ 22 ಮಹಡಿಯ ಮಿಲ್ಸ್ ಟವರ್ ಸೇರಿಸಿದರು. 1977ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಇಂಥ ಕಟ್ಟಡ ಇದೊಂದೇ ಅಲ್ಲ. ಅದೇ ಊರಿನ ಮಾರ್ಕೆಟ್ ಸ್ಟ್ರೀಟಿನಲ್ಲಿರುವ ಫ್ಲಡ್ ಬಿಲ್ಡಿಂಗ್ (1904) ಕೂಡ ಕಾಮ್‌ಸ್ಟಾಕ್ ಬೆಳ್ಳಿಯ ಮನೆತನದ್ದು. ಅದೂ ಭೂಕಂಪ ದಾಟಿ ಉಳಿಯಿತು. ಡೆನ್ವರ್‌ನಲ್ಲಿ ಹೊರೇಸ್ ಟೇಬರ್ ಎಂಬಾತ ಲೆಡ್‌ವಿಲ್‌ನ ಬೆಳ್ಳಿ ದುಡ್ಡಿನಿಂದ 1880ರಲ್ಲೇ ಟೇಬರ್ ಬ್ಲಾಕ್ ಕಟ್ಟಿಸಿದ. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದು ಆತ ಎಲ್ಲವನ್ನೂ ಕಳೆದುಕೊಂಡ. ಆ ಕಟ್ಟಡವೂ ಈಗಿಲ್ಲ.

ಮರದ ಲೆಕ್ಕ

ಗಣಿಯೊಳಗಿನ ಆ ಪೆಟ್ಟಿಗೆ ಚೌಕಟ್ಟುಗಳಿಗೆ ಮರ ಬೇಕಿತ್ತಲ್ಲ, ಅದು ಬಂದದ್ದು ಟಾಹೊ ಸರೋವರದ ಸುತ್ತಲಿನ ಸಿಯೆರಾ ಕಾಡುಗಳಿಂದ. ಅಗೆದ ಗಣಿಯ ಗುಹೆಗಳಲ್ಲಿ ಆ ಕಾಡೇ ಹೂತುಹೋಯಿತು. ಬೆಟ್ಟದ ಇಳಿಜಾರುಗಳು ಬೋಳಾದವು. ಇದೆಲ್ಲ ತಲೆಮಾರುಗಳಿಂದ ವಾಶೋ ಮತ್ತು ಪಯೂಟ್ ಜನರು ಬದುಕಿದ್ದ ನೆಲ. ವಾಶೋ ಜನರಿಗೆ ಟಾಹೊ ಬರೀ ಸರೋವರವಲ್ಲ, ಅವರ ಲೋಕದ ನಡುಮಧ್ಯೆ ಇರುವ ಪವಿತ್ರ ಜಾಗ. ಮಿಲ್ಲುಗಳಲ್ಲಿ ಬಳಸಿದ ಪಾದರಸ ಕಾರ್ಸನ್ ನದಿಗೆ ಸೇರಿತು. ಅಮೆರಿಕ ಸರ್ಕಾರ 1990ರಲ್ಲಿ ಆ ನದಿಯ ಬಯಲನ್ನು ಶುದ್ಧ ಮಾಡಬೇಕಾದ ವಿಷಜಾಗಗಳ ಪಟ್ಟಿಗೆ ಹಾಕಿತು. ಗಣಿ ನಿಂತು ನೂರು ವರ್ಷದ ಮೇಲೂ ಅದರ ಕೆಸರಿನಲ್ಲಿ ಪಾದರಸ ಉಳಿದಿದೆ.

ಮಿಲ್ಸ್ ಬಿಲ್ಡಿಂಗ್ ಮುಗಿದ 1892ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾನ್ ಮ್ಯೂರ್ ಮತ್ತು ಗೆಳೆಯರು ಸಿಯೆರಾ ಕ್ಲಬ್ ಎಂಬ ಸಂಘ ಕಟ್ಟಿದರು. ಸಿಯೆರಾ ಬೆಟ್ಟಸಾಲಿನ ಕಾಡು, ಕಣಿವೆ ಉಳಿಸುವುದು ಅದರ ಕೆಲಸ. 20ನೇ ಶತಮಾನದ ನಡುವಿನ ವರ್ಷಗಳಲ್ಲಿ, ಅಣೆಕಟ್ಟುಗಳ ವಿರುದ್ಧ, ಮರ ಕಡಿಯುವುದರ ವಿರುದ್ಧ ಆ ಸಂಘ ದೇಶಕ್ಕೆಲ್ಲ ಪತ್ರ ಬರೆಯುತ್ತಿತ್ತು. ಆ ಪತ್ರಗಳ ತಲೆಯಲ್ಲಿ ಅಚ್ಚಾಗಿರುತ್ತಿದ್ದ ವಿಳಾಸ: 1050, ಮಿಲ್ಸ್ ಟವರ್, ಸ್ಯಾನ್ ಫ್ರಾನ್ಸಿಸ್ಕೊ.